ಒಂದೇ ಕಿಟಕಿಗೆ

ಬಂದರಿನ ಕರ್ಟನ್ ಅಂಗಡಿಯಲ್ಲಿ ನನಗಿದು ಹನ್ನೊಂದನೇ ವರ್ಷ.
ಮಾರುವುದಲ್ಲ ಕೆಲಸ, ಪುಟ ತಿರುಗಿಸುವುದು.
ಹಿಡಿಕೆಯಿರುವ ದಪ್ಪ ಸ್ಯಾಂಪಲ್ ಪುಸ್ತಕ,
ಹಾಳೆಗೊಂದು ಗೇಣು ಬಟ್ಟೆ, ಅಂಚಿಗೆ ಗರಗಸದ ಹಲ್ಲು,
ಬೆನ್ನಿಗೆ ಅಂಟಿಸಿದ ನಂಬರು.
ಗೇಣಗಲದಲ್ಲೇ ಜನ ಇಡೀ ಮನೆ ಕಾಣುತ್ತಾರೆ;
ಗಂಡ ಬೆಲೆ ಕೇಳುತ್ತಾನೆ,
ಅತ್ತೆ ಮುದುಡಿ, ಬಿಟ್ಟು, ಸುಕ್ಕು ಎಣಿಸುತ್ತಾಳೆ.

ಕಂಪೆನಿ ಡಿಸೈನು ನಿಲ್ಲಿಸಿದರೆ ಪುಸ್ತಕ ಸತ್ತ ಹಾಗೆ,
ಗುಜರಿಯವನೂ ಒಯ್ಯುವುದಿಲ್ಲ.
"ನೀನೇ ತಕೊಂಡು ಹೋಗು ಮಾರಾಯ್ತಿ" ಅಂದರು ಧಣಿ.
ಕೊಟ್ಟದ್ದೋ ಎಸೆದದ್ದೋ, ವಿಚಾರಿಸಲಿಲ್ಲ.
ಕುಲಶೇಖರದವರೆಗೆ ಬಸ್ಸಲ್ಲಿ ಮಡಿಲ ಮೇಲೆ ನಾಲ್ಕು ಪುಸ್ತಕ.

ಪಕ್ಕದ ಮನೆಯ ಕೊರ್ನೆಲ್ ಬಾಯಿ
ಚಿಕ್ಕಂದಿನಲ್ಲಿ ಸಿಸ್ಟರುಗಳ ಹತ್ತಿರ ಕಸೂತಿ ಕಲಿತವರು.
ಬಲಗಣ್ಣಿಗೆ ಪೊರೆ. ದಾರ ಪೋಣಿಸುವುದು ನಾನು,
ಬೈಯುವುದು ಅವರು.
"ಸೋಫಾದ ಬಟ್ಟೆಗೂ ಪರದೆಯದ್ದಕ್ಕೂ ಮದುವೆ ಮಾಡ್ತೀಯಾ?
ಒಂದು ಎಳೀತದೆ, ಇನ್ನೊಂದು ಸುಕ್ಕಾಗ್ತದೆ, ಗೊತ್ತುಂಟಾ?"
ಮದುವೆಯದ್ದು ಗೊತ್ತಿತ್ತು.
ಬಟ್ಟೆಯದ್ದು ಕಲಿತೆ.

ಮೂರು ಸೂಜಿ ಮುರಿದವು, ಬೆರಳ ತುದಿ ಜರಡಿಯಾಯಿತು.
ರಿವೆಟ್ ಕಿತ್ತ ತೂತುಗಳ ಮೇಲೆಲ್ಲ
ಐದೈದು ದಳ ಕೂರಿಸಿದೆವು.
ಲೇಜಿ ಡೇಜಿ ಎಂದು ಆ ಹೊಲಿಗೆಯ ಹೆಸರು.
"ಸೋಮಾರಿ ಅಂದವನು ಒಂದು ಹೂವಾದರೂ ಹೊಲಿದಿದ್ದನಾ?"
ಜಪಸರ ಬದಿಗಿಟ್ಟು ಕೇಳಿದರು ಬಾಯಿ.

ಹುಬ್ಬಳ್ಳಿ ಕಡೆ ಇದನ್ನು ಕೌದಿ ಎಂದಾರು,
ಬಾಯಿಗೆ ವಾಕಳ. ಆದರೂ ಅವರದೊಂದು ತಕರಾರು:
ವಾಕಳವೆಂದರೆ ಹಳೆ ಸೀರೆ, ತೀರಿಹೋದವರ ಪಂಚೆ,
ಉಟ್ಟು ಉಟ್ಟು ಮೆತ್ತಗಾದದ್ದು.
ಇದನ್ನು ಯಾರೂ ಉಟ್ಟದ್ದಿಲ್ಲ, ಹೊದ್ದದ್ದಿಲ್ಲ,
ಬರೀ ಮುಟ್ಟಿದರು.
ಮುಟ್ಟಿ ಮುಟ್ಟಿ ಪ್ರತಿ ಚೌಕದಲ್ಲೂ
ಕೆಳಗಿನ ಬಲಮೂಲೆ ಮಾತ್ರ ನುಣುಪು.

ಎಲ್ಲಕ್ಕಿಂತ ನುಣುಪು ೪೪೧೭.
ಮಳೆಗಾಲ ಮುಗಿದು ಕೆಸರು ಇಳಿದ ಮೇಲಿನ
ಕಡಲ ಹಸಿರು.
ಅದು ವಾರಿಜಕ್ಕನ ಕೈ.

ಬೆಂಗ್ರೆಯಿಂದ ಫೆರಿ ದಾಟಿ, ಧಕ್ಕೆಯಲ್ಲಿ ಮೀನು ಮಾರಿ ಮುಗಿಸಿ
ಬರುತ್ತಿದ್ದರು.
ಕೈ ತೊಳೆದು, ಸೆರಗಿಗೆ ಒರೆಸಿ, ಒಮ್ಮೆ ಮೂಸಿ ನೋಡಿ
ಆಮೇಲೇ ಪುಸ್ತಕ ಮುಟ್ಟುವುದು.
"ಒಂದೇ ಕಿಟಕಿ ಇರುವುದು ತಂಗಿ, ಹೊಳೆಗೆ ಎದುರು.
ಒಂದೂವರೆ ಮೀಟರ್ ಕೊಡ್ತಾರಾ?"
ಕೊಡುವುದಿಲ್ಲ. ಹತ್ತು ಮೀಟರಿಗೆ ಕಡಿಮೆ ತರಿಸುವುದೇ ಇಲ್ಲ.
ಮುಂದಿನ ತಿಂಗಳು ಕೇಳಿ, ಅಂದೆ. ಕೇಳಿದರು.
ಮಳೆ ಕಳೆಯಲಿ, ಅಂದೆ. ಕಳೆಯಿತು.
ಅವರು ಮೆಟ್ಟಿಲಿಳಿದ ಕೂಡಲೇ
ಧಣಿ ಊದುಬತ್ತಿ ಹಚ್ಚುತ್ತಿದ್ದರು.

ವಾಕಳ ಮುಗಿಯಲು ಎರಡು ಸಾಲು ಬಾಕಿ ಇದ್ದಾಗ
ಮತ್ತೆ ಬಂದರು. ಆ ಹಸಿರು ಉಂಟಾ?
ನಿಂತುಹೋಯಿತು ಅಕ್ಕ.
"ಹೌದಾ" ಅಂದರು. ಮೇಜಿನ ಮೇಲೆ ಹೊಸ ಪುಸ್ತಕವಿತ್ತು,
ಮುಟ್ಟಲಿಲ್ಲ.
"ಬಣ್ಣ ಈಗ ಸಮ ನೆನಪಾಗುವುದಿಲ್ಲ.
ಒಮ್ಮೆ ನೋಡಬೇಕಿತ್ತು."

ಆ ರಾತ್ರಿ ಬ್ಲೇಡು ಹಿಡಿದು ಕೂತೆ.
ಹೊಲಿಯುವುದಕ್ಕಿಂತ ಬಿಚ್ಚುವುದಕ್ಕೆ
ಹೆಚ್ಚು ಬೆಳಕು ಬೇಕು.
ನಾಲ್ಕು ಬದಿ ಬಿಡಿಸಿದೆ. ದಳ ಬಿಡಿಸಲಿಲ್ಲ,
ಕೆಳಗೆ ತೂತು ಇರುತ್ತದಲ್ಲ.
ಗೇಣು ಬಟ್ಟೆ, ಕಿಟಕಿಗೆ ಎಲ್ಲಿ ಸಾಲುತ್ತದೆ?
ದೀಪದ ಕೆಳಗೆ ಹಾಸಲಿ, ದುಡ್ಡು ಸುತ್ತಿ ಸೊಂಟಕ್ಕೆ ಸಿಕ್ಕಿಸಲಿ,
ಸುಮ್ಮನೆ ಇಟ್ಟುಕೊಳ್ಳಲಿ.
ನಾಳೆ ಆರು ಗಂಟೆಗೆ ಧಕ್ಕೆಯಲ್ಲಿರುತ್ತಾರೆ.

ಬಾಯಿ ಕೊಂಕಣಿಯಲ್ಲಿ ಬೈದರು, ಉದ್ದಕ್ಕೆ.
ಆಮೇಲೆ ತಮ್ಮ ದಿಂಬಿನ ಹಳೆ ಬಿಳಿ ತಂದುಕೊಟ್ಟರು,
ತೂತಿಗೆ ಅಡಿಯಿಂದ ಇಟ್ಟು ಮುಚ್ಚಿದೆವು.
ಬಿಳಿಯ ಮೇಲೆ ಸರಪಳಿ ಹೊಲಿಗೆಯಲ್ಲಿ
ನಾಲ್ಕು ಅಂಕೆ ಬರೆದೆ, ಹಸಿರು ದಾರ,
ಆ ಹಸಿರಲ್ಲ, ಸಿಕ್ಕಿದ ಹಸಿರು.

ಬಾಯಿ ಬೆರಳಾಡಿಸಿ ಓದಿದರು:
ನಾಲ್ಕು, ನಾಲ್ಕು, ಒಂದು...
"ಇದೆಂಥ, ಯಾರ ಮನೆ ನಂಬರು?"

ದಾರ ಹಲ್ಲಲ್ಲಿತ್ತು.
ಹೇಳಲಿಲ್ಲ.